ಹಾಡಿನ ನಡುವೆ ಸತ್ಕಾರ

ಬೀದರಿನ ನಮ್ಮ ಬ್ಲೂಸ್-ರಾಕ್ ಬ್ಯಾಂಡಿನಲ್ಲಿ ನಾನು ಗಿಟಾರ್ ನುಡಿಸುತ್ತೇನೆ. ಔರಾದಿನ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ನಮ್ಮನ್ನು ಕರೆದಿದ್ದರು. ಹಾಡು ಏರುವಷ್ಟರಲ್ಲಿ ಅತಿಥಿಯೊಬ್ಬರು ತಡವಾಗಿ ಬಂದರು. ನಿರೂಪಕರು ಹಾಡುಗಾರನ ಮೈಕನ್ನೇ ಕಿತ್ತುಕೊಂಡು, ಅವರಿಗೆ ಶಾಲು ಹೊದಿಸಿದರು. ಮತ್ತೆ ಶುರು ಮಾಡಿದೆವು, ಮತ್ತೊಬ್ಬರು ಬಂದರು.

"ಒಂದು ಹಾಡರ ಮುಗೀಲಿ ಬಿಡ್ರಿ ಸರ್," ಎಂದು ನಿರೂಪಕರ ಮೇಲೆ ರೇಗಿದೆ.

"ಸಿಟ್ಟಾಗಬ್ಯಾಡ್ರಿ, ನಿಮ್ದೂ ಸತ್ಕಾರ ಅದರಿ."

ಹೇಳಿದಂತೆಯೇ ಮಾಡಿದರು. ನನ್ನ ಗಿಟಾರ್ ಸೋಲೋ ಉತ್ತುಂಗಕ್ಕೇರಿದಾಗ ಹೆಗಲ ಮೇಲೆ ಶಾಲು ಬಿತ್ತು. ತಂತಿಯ ಮೇಲಿದ್ದ ಕೈಗಳನ್ನು ಎಳೆದು, ಅವುಗಳಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಕೊರಳಿಗೆ ಜೋತುಬಿದ್ದ ಗಿಟಾರ್ ತಾನೇ ಗುಂಯ್‌ಗುಟ್ಟಿತು. ಹಿಂದೆ ಡ್ರಮ್ಮರ್ ನನಗಾಗಿ ಕಾಯುತ್ತ ಬಡಿಯುತ್ತಲೇ ಇದ್ದ.

"ಬುಟ್ಟಿ ಮ್ಯಾಲೆ ಹಿಡೀರಿ," ಎಂದ ಫೋಟೋದವನು. ಹಿಡಿದೆ, ನಕ್ಕೆ. ಇಡೀ ಕಾಲೇಜು ಚಪ್ಪಾಳೆ ತಟ್ಟಿತು.

ನಿರೂಪಕರು ನನ್ನತ್ತ ತಿರುಗಿದರು: "ಯಾಕ ನಿಂತ್ರಿ? ಬಾರಸ್ರಿ!"