ಕುಂಕುಮ ಹಚ್ಚಿಸಿಕೊಂಡು ಬಂದ ಕಳೆ

ನಮ್ಮೂರಿನ ಓಲ್ಡ್ ಟೌನಿನ ಹಿಂದಿದ್ದ ಕೆರೆಗೆ ಅಂತರಗಂಗೆ ಎಂಬ ಕಳೆ ಬಂದದ್ದು ಗಣಪತಿಯ ಜೊತೆಯಲ್ಲಿ. ತೊಂಬತ್ತರ ದಶಕದ ಒಂದು ಚೌತಿಗೆ ಪೆಂಡಾಲಿನವರು ದೇವರನ್ನು ಕೊಳದ ನಡುವೆ ಕೂರಿಸುವುದೆಂದು ತೀರ್ಮಾನಿಸಿದರು. ತಗಡಿನ ತೊಟ್ಟಿ ಮಾಡಿಸಿ ನೀರು ತುಂಬಿಸಿದ್ದಾಯಿತು, ತಾವರೆ ಮಾತ್ರ ಸಿಗಲಿಲ್ಲ. ಯಾರೋ ಎಲ್ಲಿಂದಲೋ ಡ್ರಮ್ಮಿನಲ್ಲಿ ಈ ಗಿಡ ತಂದರು. ಊದಿಕೊಂಡ ತೊಟ್ಟು, ಹೊಳೆಯುವ ಎಲೆ, ಮೇಲೆ ನೇರಳೆ ಹೂವಿನ ಗೊಂಚಲು. ನೋಡಲು ಬಹಳ ಚೆನ್ನಾಗಿತ್ತು. ನಾನೂ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ದೇವರ ಪಾದದಲ್ಲಿದ್ದದ್ದು ನಿರ್ಮಾಲ್ಯ, ಅದನ್ನು ಕಾಲು ತುಳಿಯುವ ಕಡೆ ಹಾಕುವಂತಿಲ್ಲ. ಹಾಗಾಗಿ ವಿಸರ್ಜನೆಯ ದಿನ ಗಣಪತಿಯ ಹಿಂದೆಯೇ ಅದನ್ನೂ ಕೆರೆಗೆ ಬಿಟ್ಟರು. ಗಣಪತಿ ಕರಗಿದ. ಅದು ಕರಗಲಿಲ್ಲ.

ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರೇ ಕಾಣದಂತಾಯಿತು. ಭಾವ ಬಲೆ ಬೀಸಿದರೆ ಅದು ಹಾಸಿಗೆಯ ಮೇಲೆ ಬೆಡ್‌ಶೀಟ್ ಹಾಸಿದ ಹಾಗೆ ಎಲೆಗಳ ಮೇಲೆ ನೀಟಾಗಿ ಹರಡಿಕೊಳ್ಳುತ್ತಿತ್ತು. ಕೊನೆಗೆ ಅವರು ಆ ಕೆರೆಗೆ ಕೈಮುಗಿದು, ಕೆಳಗಿನ ಹಳ್ಳಿಯ ಕೆರೆಯನ್ನು ಗುತ್ತಿಗೆಗೆ ಹಿಡಿದರು. ನಾಲೆಯ ನೀರಿನಿಂದ ತುಂಬುವ ಕೆರೆ ಅದು. ಮೀನಿನ ಮರಿ ಬಿಟ್ಟು, ಏರಿಯ ಬುಡದಲ್ಲೇ ಮನೆ ಮಾಡಿಕೊಂಡರು. ಅಕ್ಕ ಬುಟ್ಟಿ ಹೊತ್ತು ಬಸ್ಸು ಹತ್ತಿ ಓಲ್ಡ್ ಟೌನಿಗೆ ಬಂದು ಮೀನು ಮಾರುತ್ತಿದ್ದಳು. ಈ ಕೆರೆಯೂ ಮುಚ್ಚಿಕೊಂಡರೆ ಹೋಗಲು ಅವರಿಗೆ ಇನ್ನೊಂದು ಕೆರೆ ಇರಲಿಲ್ಲ.

ನಮ್ಮ ಮೇಲಿನ ಕೆರೆಗೆ ಮಾತ್ರ ಆಗ ಶುಕ್ರದೆಸೆ. ಶಿವಮೊಗ್ಗದಿಂದ ಕಳೆ ಅಳೆಯುವ ಇಲಾಖೆಯ ಜೀಪು ಬರತೊಡಗಿತು. ಸಾಹೇಬರು ಇಳಿಯುವರು, ಟೇಪು ಹಿಡಿಸುವರು, ಏರಿಯ ಮೇಲಿಂದ ಫೋಟೋ ತೆಗೆಸುವರು, ಎಳನೀರು ಕುಡಿಯುವರು, ಹೋಗುವರು. ಮುಂದಿನ ಸಲ ಬರುವಷ್ಟರಲ್ಲಿ ಗಿಡ ಟೇಪಿನ ಆಚೆಗೆ ಹೋಗಿರುತ್ತಿತ್ತು. ಅವರು ಉದ್ದನೆಯ ಟೇಪು ತರುತ್ತಿದ್ದರು.

"ಇದು ನಿಮ್ಮ ಕೆರೆದು ಮಾತ್ರ ಅಲ್ಲ ಕಣ್ರೀ, ಇಡೀ ದೇಶದ ಸಮಸ್ಯೆ," ಅಂದರು ಒಮ್ಮೆ. "ಹೊರದೇಶದಿಂದ ಬಂದಿರೋ ಜಾತಿ. ದೇಶಾದ್ಯಂತ ನಿಗಾ ಇಟ್ಟಿದ್ದೀವಿ."

"ನಿಗಾ ಸರಿ ಸಾರ್. ಕೀಳೋದು ಯಾರು?" ಅಂದೆ.

"ಅದು ಬೇರೆ ಇಲಾಖೆ."

ರಸ್ತೆಬದಿಯ ಪಾರ್ಥೇನಿಯಂ ಒಂದು ಇಲಾಖೆಗೆ, ಕಾಡಿನ ಲಂಟಾನ ಇನ್ನೊಂದಕ್ಕೆ. ನೀರಿನ ಮೇಲೆ ತೇಲುವುದು ನೀರಿನವರದೋ ಗಿಡದವರದೋ ಎಂಬುದು ತೀರ್ಮಾನವಾಗಿರಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ನನ್ನ ಕೈಯಿಂದ ಹೋದ ಪಂಪು ಅದೇ ಕಾಯಿಲೆಗೆ ವಾಪಸು ಬಂದರೆ ಆ ದಿನ ನನಗೆ ಅನ್ನ ಸೇರುವುದಿಲ್ಲ. ಕಾಯಿಲೆ ಎಷ್ಟು ಬೆಳೆದಿದೆ ಎಂದು ನೋಡಿ ಹೋಗುವುದೇ ಒಂದು ಕಸುಬು ಎನ್ನುವುದು ನನ್ನ ತಲೆಗೆ ಹತ್ತಲಿಲ್ಲ.

ಅಂತೂ ಒಂದು ವರ್ಷ ಕಳೆ ಕೀಳುವ ಕಾರ್ಯಕ್ರಮ ಗೊತ್ತಾಯಿತು. ಸಮಿತಿಯ ಅಧ್ಯಕ್ಷರು ಯಾರೆಂದರೆ, ಗಿಡ ತಂದ ವರ್ಷ ಪೆಂಡಾಲಿಗೂ ಅಧ್ಯಕ್ಷರಾಗಿದ್ದವರೇ. ತರಿಸಿದ ಅನುಭವವಿದ್ದವರಿಗೇ ತೆಗೆಸುವ ಜವಾಬ್ದಾರಿ. ಗಿಡ ಎಳೆಯಲು ಉದ್ದ ಹಿಡಿಯ ಕಬ್ಬಿಣದ ಕೊಕ್ಕೆಗಳು ಬೇಕೆಂದು ನನಗೇ ಹೇಳಿದರು. ನಾನು ಗಟ್ಟಿಯಾಗಿ ವೆಲ್ಡ್ ಮಾಡಿ ಕೊಟ್ಟೆ, ಎಮ್ಮೆ ಕಟ್ಟಿ ಎಳೆದರೂ ಬಿಡಬಾರದು ಹಾಗೆ. ಕಾರ್ಯಕ್ರಮದ ದಿನ ಹೋಗಿ ನೋಡಿದರೆ ಕೊಕ್ಕೆಗಳು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿವೆ, ಕುತ್ತಿಗೆಗೆ ಸೇವಂತಿಗೆ ಹಾರ.

ಸಾಹೇಬರು ಭಾಷಣ ಮಾಡಿದರು. ಒಳ್ಳೆಯ ಭಾಷಣ, ಸುಳ್ಳು ಹೇಳಬಾರದು. "ಇದರ ಒಂದೇ ಒಂದು ತುಂಡು ಹರಿಯೋ ನೀರಿಗೆ ಬಿದ್ರೂ ಸಾಕು, ಮುಂದಿನ ಕೆರೆ ಮುಗೀತು," ಎಂದು ಬೆರಳೆತ್ತಿ ಎಚ್ಚರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಮೊದಲ ಬುಡವನ್ನು ಕಿತ್ತು ಬಾಳೆ ಎಲೆಯ ಮೇಲಿಟ್ಟರು. ಯಾವ ಕೆಲಸಕ್ಕಾದರೂ ಮೊದಲು ಪೂಜೆ ಆಗಬೇಕಲ್ಲ. ಭಟ್ಟರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಅಧ್ಯಕ್ಷರು ಕಣ್ಣು ಮುಚ್ಚಿ ಕೈಮುಗಿದರು. ನಿರ್ಮೂಲ ಮಾಡಲು ತಂದ ಗಿಡಕ್ಕೆ ಮಂಗಳಾರತಿ ಆಯಿತು.

ಅಲ್ಲಿಗೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಪೂಜೆಯಾದದ್ದನ್ನು ಎಲ್ಲಿ ಹಾಕುವುದು?

"ಮಿಕ್ಕಿದ್ದರ ಜೊತೆ ರಾಶಿಗೆ ಹಾಕಿ," ಅಂದೆ.

"ಏನ್ ಮಾರಾಯ ನೀನು, ಕುಂಕುಮ ಹಚ್ಚಿದ್ದನ್ನ ತಿಪ್ಪೆಗೆ ಹಾಕೋದಾ?" ಅಂದರು ಅಧ್ಯಕ್ಷರು.

"ಹಂಗಾದ್ರೆ ಕೆರೆಗೇ ಬಿಡಿ."

"ಕಿತ್ತಿದ್ದನ್ನ ಅದೇ ಕೆರೆಗೆ ಬಿಟ್ರೆ ಪೇಪರಿನೋರು ಏನ್ ಬರೀತಾರೆ? ಹರಿಯೋ ನೀರಿಗೆ ಬಿಡೋದು ಶ್ರೇಷ್ಠ. ನಾಲೆ ಪಕ್ಕದಲ್ಲೇ ಇದೆಯಲ್ಲ."

ಏರಿಯ ಆಚೆ ನಾಲೆ, ನಾಲೆಯ ಕೆಳಗೆ ನನ್ನ ಭಾವನ ಕೆರೆ. ನಾನು ಸಾಹೇಬರ ಹತ್ತಿರ ಓಡಿದೆ. "ಸಾರ್, ಈಗ ತಾನೇ ನೀವೇ ಹೇಳಿದ್ರಲ್ಲ!"

ಸಾಹೇಬರು ಅಧ್ಯಕ್ಷರ ಮುಖ ನೋಡಿದರು, ಊಟದ ಚಪ್ಪರ ನೋಡಿದರು. "ಅದು ವೈಜ್ಞಾನಿಕ ವಿಷಯ. ಇದು ಭಾವನೆ ವಿಷಯ. ನಾವು ಕೈ ಹಾಕೋಕಾಗಲ್ಲ," ಎಂದರು.

ವಾಲಗ ಊದಿಸಿಕೊಂಡು ಬಾಳೆ ಎಲೆಯ ಸಮೇತ ಅದನ್ನು ನಾಲೆಗೆ ಬಿಟ್ಟರು. ಕೊಕ್ಕೆ ಹಾಕಿ ಎಳೆಯೋಣವೆಂದರೆ ಕೊಕ್ಕೆಯ ಹಾರ ಬಿಚ್ಚಲು ಯಾರೂ ಬಿಡಲಿಲ್ಲ, ಫೋಟೋ ಬಾಕಿ ಇತ್ತು. ನಾನು ಮೊಪೆಡ್ ಹತ್ತಿ ನಾಲೆಯ ಏರಿಯ ಮೇಲೆ ಹೊರಟೆ. ನಾನೇ ಬಿಚ್ಚಿ ಕಟ್ಟಿದ ಎಂಜಿನ್ನು ಅದು, ಕೈ ಕೊಡಲಿಲ್ಲ. ನೀರಿನಲ್ಲಿ ಆ ಗಿಡ ಹೂವು ಮುಡಿದು ದಿಬ್ಬಣದ ಹೆಣ್ಣಿನ ಹಾಗೆ ನಿಧಾನಕ್ಕೆ ಬರುತ್ತಿತ್ತು.

ನಾಲೆಯಿಂದ ಕೆರೆಗೆ ನೀರು ಬಿಡುವ ತೂಬಿನ ಹತ್ತಿರ ಭಾವ ಬಲೆ ಹೆಣೆಯುತ್ತಾ ಕೂತಿದ್ದರು. ವಿಷಯ ಹೇಳಿದೆ. ಅವರ ಮುಖ ಇಳಿದುಹೋಯಿತು. ಕಾಯಿ ಕೀಳುವ ದೋಟಿ ಹಿಡಿದು ಇಬ್ಬರೂ ನೀರಿನ ಅಂಚಿಗೆ ಇಳಿದೆವು. ಗಿಡ ಬಂತು. ಭಾವ ದೋಟಿ ಎತ್ತಿದರು, ಕುಂಕುಮ ಕಂಡದ್ದೇ ಇಳಿಸಿಬಿಟ್ಟರು.

"ಎಳೀರಿ ಭಾವ!"

"ಪೂಜೆ ಆಗಿದ್ದು ಕಣೋ. ದೋಟಿಲಿ ಚುಚ್ಚೋದು ಹೆಂಗೆ ಮಾರಾಯ?"

"ಚುಚ್ಚದಿದ್ರೆ ನಿಮ್ಮ ಮೀನಿಗೆ ಶ್ರಾದ್ಧ!"

"ಗೊತ್ತು, ಗೊತ್ತು," ಎನ್ನುತ್ತಲೇ ಚಪ್ಪಲಿ ಕಳಚಿಟ್ಟು ಕೈಮುಗಿದರು. ಅಧ್ಯಕ್ಷರನ್ನು ಬೈದುಕೊಂಡು ಅಷ್ಟು ದೂರ ಬಂದವನು ನಾನು. ಇಲ್ಲಿ ನೋಡಿದರೆ ನಮ್ಮ ಮನೆಯಲ್ಲೇ ಒಬ್ಬರು ಅಧ್ಯಕ್ಷರು. ಗಿಡ ತೂಬಿನ ಬಾಯಿಗೆ ತಿರುಗಿತು. ನಾನು ನೀರಿಗಿಳಿಯಲು ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ಅಕ್ಕ ಸೀರೆ ಸಿಕ್ಕಿಸಿಕೊಂಡು ಸೊಂಟದವರೆಗೆ ಇಳಿದು, ಮೀನಿನ ಬುಟ್ಟಿಯನ್ನು ಅಡ್ಡ ಹಿಡಿದಿದ್ದಳು. ಬಾಳೆ ಎಲೆ, ಹೂವು, ಗಿಡ ಎಲ್ಲಾ ಬುಟ್ಟಿಯೊಳಗೆ.

"ಮೀನಿನ ಬುಟ್ಟಿಗೆ ಹಾಕಿದ್ಯಲ್ಲೇ ಮಾರಾಯ್ತಿ!" ಎಂದರು ಭಾವ.

"ಅನ್ನ ಕೊಡೋ ಬುಟ್ಟಿ ರೀ, ಮೈಲಿಗೆ ಅಲ್ಲ," ಎಂದಳು ಅಕ್ಕ. "ನಮ್ಮನೆ ದೇವರ ಹೂವು ದಿನಾ ಎಲ್ಲಿಗೆ ಹಾಕ್ತೀನಿ ನಾನು? ತೆಂಗಿನ ಬುಡಕ್ಕೆ ತಾನೆ? ಇದೂ ಅಲ್ಲಿಗೇ. ಯಾರೂ ತುಳಿಯಲ್ಲ, ನೀರೂ ಸಿಗಲ್ಲ. ಒಣಗಿ ಮೋಕ್ಷ ಕಾಣ್ಲಿ."

ತೂಬಿನಿಂದ ದೂರ, ಗಟ್ಟಿ ನೆಲದ ತೆಂಗಿನ ಬುಡದಲ್ಲಿ ಅದನ್ನಿಟ್ಟು ಅಕ್ಕ ಕೈಮುಗಿದಳು. ಭಾವನಿಗೆ ಹೋದ ಜೀವ ಬಂತು. ಒಂದು ವಾರದಲ್ಲಿ ಗಿಡ ಬೀಡಿ ಎಲೆಯ ಹಾಗೆ ಮುರುಟಿತು.

ಆಮೇಲೆ ಒಂದು ದಿನ ಅಂಗಡಿಗೆ ಬಂದ ಭಟ್ಟರನ್ನು ಕೇಳಿದೆ, "ತೆಂಗಿನ ಬುಡಕ್ಕೆ ಹಾಕ್ಬಹುದಿತ್ತಲ್ಲ ಭಟ್ರೇ?"

"ಧಾರಾಳವಾಗಿ. ನನ್ನ ಯಾರಪ್ಪ ಕೇಳಿದ್ರು?" ಎಂದರು.

ಸಾಹೇಬರ ಜೀಪು ಕೆಳಗಿನ ಕೆರೆಗೂ ಒಮ್ಮೆ ಬಂತು. ಏರಿಯ ಮೇಲೆ ನಿಂತು ನೋಡಿದರು. ನೀರು, ಆಕಾಶ, ಬಲೆ ಬೀಸುತ್ತಿದ್ದ ಭಾವ, ಅಷ್ಟೇ. ಸಾಹೇಬರ ಮುಖದಲ್ಲಿ ನಿರಾಶೆ ಕಂಡಿತು.

"ಇಲ್ಲಿ ಏನೂ ಇಲ್ವಲ್ರೀ. ಕಳೆ ಇದ್ರೆ ಯೋಜನೆಗೆ ಸೇರಿಸ್ಬಹುದಿತ್ತು," ಎಂದರು.

"ಬೇಡ ಸಾರ್," ಎಂದಳು ಅಕ್ಕ. "ಮೀನು ತಗೊಂಡ್ಹೋಗಿ, ಸಾಕು." ತಗೊಂಡು ಹೋದರು.

ಮೇಲಿನ ಕೆರೆಯಲ್ಲಿ ಫೋಟೋ ಮುಗಿದ ಮೇಲೆ ಕಿತ್ತ ರಾಶಿ ಏರಿಯ ಮೇಲೇ ಉಳಿದು, ಮಳೆಗೆ ಜಾರಿ ಮತ್ತೆ ನೀರು ಸೇರಿತು. ಆದ್ದರಿಂದ ಮರುವರ್ಷ ಅದ್ದೂರಿಯಾಗಿ ಎರಡನೇ ಉದ್ಘಾಟನೆ ಇಟ್ಟುಕೊಂಡರು. ನಾನು ಬೆಳಿಗ್ಗೆಯೇ ಅಂಗಡಿ ಮುಚ್ಚಿ ಕೆಳಗಿನ ಹಳ್ಳಿಗೆ ಹೋದೆ. ಅಕ್ಕ ಬುಟ್ಟಿ ತೊಳೆದು ಅರಿಸಿನ ಹಚ್ಚಿ ತೂಬಿನ ಹತ್ತಿರ ಇಟ್ಟಿದ್ದಳು. ಭಾವ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ನಾಲೆಯನ್ನೇ ನೋಡುತ್ತಾ ನಿಂತಿದ್ದರು.

"ಎಷ್ಟೊತ್ತಿಗೆ ಬಿಡ್ತಾರಂತೋ?" ಎಂದು ಕೇಳಿದರು, ಬಸ್ಸಿಗೆ ಕಾಯುವವರ ಹಾಗೆ.

"ಅಧ್ಯಕ್ಷರ ಭಾಷಣ ಇನ್ನೂ ಶುರುವಾಗಿಲ್ಲ ಭಾವ," ಎಂದೆ. "ಊಟ ಮಾಡ್ಕೊಂಡು ಬನ್ನಿ, ಅಲ್ಲಿವರೆಗೆ ಬುಟ್ಟಿ ನಾನು ಹಿಡ್ಕೊಂಡಿರ್ತೀನಿ."