ದೊಡ್ಡಳಿಯನ ಹದಿನೇಳು ಗುಂಡಿಗಳು

ಆ ಮನೆಗೆ ಇಬ್ಬರು ಅಳಿಯಂದಿರು, ಇಬ್ಬರಿಗೂ ಒಂದೊಂದು ಸಣ್ಣ ಮೀನಿನ ದೋಣಿ. ಬಂದರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬ ದೊಡ್ಡಳಿಯ, ಇನ್ನೊಬ್ಬ ಚಿಕ್ಕಳಿಯ. ದೊಡ್ಡಳಿಯನಿಗೆ ಐವತ್ತು ದಾಟಿತ್ತು. ಇಪ್ಪತ್ತಾರು ವರ್ಷ ಮಾವನ ಕೈಕೆಳಗೆ ಪಳಗಿ, ನೀರೊಳಗಿನ ಒಂದೊಂದು ಬಂಡೆಯನ್ನೂ ಮನೆಯ ಮೆಟ್ಟಿಲಿನಂತೆ ಬಲ್ಲವನು. ಚಿಕ್ಕಳಿಯ ಮೊನ್ನೆ ಮೊನ್ನೆ ಬಂದವನು. ಮೊನ್ನೆ ಅಂದರೆ ಹನ್ನೆರಡು ವರ್ಷವಾಯಿತು ಅನ್ನಿ, ಆದರೆ ದೊಡ್ಡಳಿಯನ ಲೆಕ್ಕದಲ್ಲಿ ಅದು ಮೊನ್ನೆಯೇ.

ಈಗ ಮಾವನ ಮಂಡಿ ಸೋತು, ಅವರ ದೊಡ್ಡ ದೋಣಿ ಕಟ್ಟೆಯಲ್ಲಿ ಕಟ್ಟಿದಲ್ಲೇ ನಿಂತಿತ್ತು. ಈ ತಿಂಗಳೊಳಗೆ ಅದನ್ನು ಒಬ್ಬ ಅಳಿಯನಿಗೆ ಒಪ್ಪಿಸುತ್ತೇನೆ ಎಂದಿದ್ದರು. ಯಾರಿಗೆ ಎಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ದೊಡ್ಡಳಿಯನ ನಿದ್ದೆ ಕೆಡಿಸಿದ್ದು ಇದಲ್ಲ, ರೇಡಿಯೋ. ಚಿಕ್ಕಳಿಯ ತನ್ನ ದೋಣಿಗೊಂದು ರೇಡಿಯೋ ಹಾಕಿಸಿದ್ದ, ಮಾವನ ಅಡುಗೆಮನೆಯ ಕಿಟಕಿಯಲ್ಲೂ ಅದರ ಜೋಡಿಯೊಂದನ್ನು ಇಟ್ಟಿದ್ದ. ದಿನಾ ಕಡಲ ನಡುವಿನಿಂದ ಅವನ ದನಿ ಬರುತ್ತಿತ್ತು. ಗಾಳಿ ತಿರುಗಿತು ಎನ್ನುತ್ತಿದ್ದ, ಮಾತ್ರೆ ತಗೊಂಡ್ರಾ ಮಾವ ಎನ್ನುತ್ತಿದ್ದ. ಮುದುಕರ ಮುಖ ಅರಳುತ್ತಿತ್ತು. ಅದನ್ನು ನೋಡಿ ದೊಡ್ಡಳಿಯನಿಗೆ ಕಣ್ಣಿಗೆ ಖಾರ ಬಿದ್ದ ಹಾಗಾಗುತ್ತಿತ್ತು. ಅಲ್ಲಾ, ಮಾತ್ರೆ ನೆನಪಿಸೋದಕ್ಕೂ ದೋಣಿ ನಡೆಸೋದಕ್ಕೂ ಏನು ಸಂಬಂಧ?

ತಾನೂ ರೇಡಿಯೋ ಕೊಳ್ಳುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋದ. ಅಂಗಡಿಯವ ಅನುಭವಸ್ಥ. ಎರಡೇ ತಿರುಪು, ದಪ್ಪ ಅಂಕಿಗಳಿರುವ ಒಂದನ್ನು ಮುಂದಿಟ್ಟು, ಒದ್ದೆ ಕೈಯಲ್ಲೂ, ಕನ್ನಡಕ ಇಲ್ಲದೆಯೂ ಇದನ್ನು ನಡೆಸಬಹುದು ಎಂದ. ದೊಡ್ಡಳಿಯ ಅದನ್ನು ಮಕ್ಕಳ ಆಟಿಕೆ ನೋಡಿದ ಹಾಗೆ ನೋಡಿ, ಚಿಕ್ಕಳಿಯ ಒಯ್ದದ್ದು ಯಾವುದು ಎಂದು ಕೇಳಿದ. ಅದಕ್ಕೆ ಹನ್ನೊಂದು ಗುಂಡಿ. ಅದಕ್ಕಿಂತ ದೊಡ್ಡದಿದೆಯೇ? ಇತ್ತು, ಹದಿನೇಳು ಗುಂಡಿಯದು.

"ನಿಮಗೆ ಬೇಕಾಗಿರೋದು ರೇಡಿಯೋನಾ, ಇಲ್ಲಾ ಅವನಿಗಿಂತ ಆರು ಗುಂಡಿ ಜಾಸ್ತಿನಾ?" ಎಂದಳು ಹೆಂಡತಿ.

ಅವನು ಆಗಲೇ ಹದಿನೇಳು ಗುಂಡಿಯದಕ್ಕೆ ದುಡ್ಡು ಎಣಿಸುತ್ತಿದ್ದ. ಮೈಕಿನ ಗುಂಡಿ ಒತ್ತಿದರೆ ನಿಮ್ಮ ಮಾತು ಹೋಗುತ್ತದೆ, ಬಿಟ್ಟರೆ ಬೇರೆಯವರದು ಬರುತ್ತದೆ, ಒತ್ತಿದಾಗ ಈ ಕೆಂಪು ದೀಪ ಉರಿಯುತ್ತದೆ, ಆಗ ಹತ್ತಿರದಲ್ಲಿ ಇನ್ಯಾರ ಮಾತೂ ದಾಟುವುದಿಲ್ಲ ಎಂದು ಅಂಗಡಿಯವ ವಿವರಿಸುತ್ತಿದ್ದ. ದೊಡ್ಡಳಿಯ ಎಲ್ಲದಕ್ಕೂ ತಲೆಯಾಡಿಸಿದ. ಕಿವಿಗೆ ಹಾಕಿಕೊಂಡಿದ್ದು ಗುಂಡಿಗಳ ಸಂಖ್ಯೆ ಒಂದನ್ನೇ.

ಮರುದಿನ ಬೆಳಿಗ್ಗೆ ಒಬ್ಬನೇ ದೋಣಿ ಬಿಟ್ಟ. ಮೈಕನ್ನು ಕೊಕ್ಕೆಗೆ ಸಿಕ್ಕಿಸುವಷ್ಟು ತಾಳ್ಮೆಯಿಲ್ಲದೆ, ಡೀಸೆಲ್ ಡಬ್ಬಕ್ಕೂ ಹಲಗೆಗೂ ನಡುವೆ ತುರುಕಿದ. ಕೆಂಪು ದೀಪ ಹತ್ತಿಕೊಂಡಿತು. ಭೇಷ್, ಜೀವ ಬಂತು ಅಂದುಕೊಂಡ. ಆಮೇಲೆ ತನ್ನ ಹಳೇ ಅಭ್ಯಾಸದಂತೆ ಎಂಜಿನ್ ಜೊತೆ ಮಾತಿಗೆ ಕೂತ. ಚಿಕ್ಕಳಿಯನ ನಯವಾದ ನಾಲಿಗೆಯನ್ನು ಹಿಡಿದು ಜಾಡಿಸಿದ, ಮಾವನಿಗೆ ಬೆಣ್ಣೆ ಹಚ್ಚುವುದನ್ನು ಅಣಕಿಸಿ ತೋರಿಸಿದ, ಅವನಿಗೆ ಬಲೆ ಹೊಲಿಯುವುದಕ್ಕೂ ಬರುವುದಿಲ್ಲ ಎಂದ. ಕೊನೆಗೆ ಯಾರೂ ಕೇಳುತ್ತಿಲ್ಲವಲ್ಲ ಎಂದು ಮನಸ್ಸಿನ ತಳದಲ್ಲಿದ್ದದ್ದನ್ನೂ ಹೊರಗೆ ಹಾಕಿದ. "ದೊಡ್ಡ ದೋಣಿ ಅವನ ಕೈಗೆ ಹೋದರೆ ನಾನು ಈ ನೀರಿಗೆ ಇಳಿಯಲ್ಲ ಕಣೇ ಮುದುಕಿ. ಇಪ್ಪತ್ತಾರು ವರ್ಷದಲ್ಲಿ ಮಾವ ಒಂದು ದಿನ ನನಗೆ ಊಟ ಆಯ್ತಾ ಅಂತ ಕೇಳಿಲ್ಲ."

ಮುದುಕಿ ಅಂದರೆ ಎಂಜಿನ್.

ಒಂದು ದೊಡ್ಡ ಅಲೆಗೆ ಡಬ್ಬ ಜಾರಿತು. ಮೈಕು ಕೆಳಗೆ ಬಿತ್ತು, ಕೆಂಪು ದೀಪ ಆರಿತು, ರೇಡಿಯೋ ಚಿಕ್ಕಳಿಯನ ದನಿಯಲ್ಲಿ ಮಾತಾಡಿತು.

"ಭಾವ, ಗುಂಡಿ ಬಿಟ್ರಾ? ಸದ್ಯ. ದೋಣಿಯಡಿ ಫ್ಯಾನಿಗೆ ಬಲೆ ಸುತ್ಕೊಂಡು ಎಂಜಿನ್ ನಿಂತುಬಿಟ್ಟಿದೆ. ನೀರು ಬಂಡೆ ಕಡೆ ಎಳೀತಾ ಇದೆ. ಮುಕ್ಕಾಲು ಗಂಟೆಯಿಂದ ಕೂಗ್ತಾ ಇದ್ದೀನಿ."

ದೊಡ್ಡಳಿಯನಿಗೆ ಕೆಂಪು ದೀಪದ ಅರ್ಥ ಈಗ ಹೊಳೆಯಿತು. ಇಷ್ಟು ಹೊತ್ತೂ ಬಂದರಿಗೆ ಬಂದರೇ ತನ್ನ ಹೊಟ್ಟೆಯುರಿಯನ್ನು ಕೇಳಿದೆ, ಅದರ ಅಡಿಯಲ್ಲಿ ಸಿಕ್ಕಿ ಇವನ ಕೂಗು ಯಾರಿಗೂ ಮುಟ್ಟಿಲ್ಲ. ನಾಚಿಕೆಪಡಲು ಪುರುಸೊತ್ತಿರಲಿಲ್ಲ. ದೋಣಿ ತಿರುಗಿಸಿದ. ಬೇರೆ ಯಾರೂ ಹೋಗಲು ಹೆದರುವ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನುಗ್ಗಿಸಿ, ಹಗ್ಗ ಎಸೆದು, ಚಿಕ್ಕಳಿಯನನ್ನು ದೋಣಿ ಸಮೇತ ದಡಕ್ಕೆಳೆದು ತಂದ.

ಮನೆಗೆ ಬಂದಾಗ ಮಾವ ಅದೇ ಕಿಟಕಿಯ ಪಕ್ಕ ಕೂತಿದ್ದರು. ದೊಡ್ಡಳಿಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುದುಕರು ಅವನ ಕಡೆ ತಿರುಗಿ, "ಊಟ ಆಯ್ತಾ?" ಎಂದರು. ಅವನು ತಲೆ ತಗ್ಗಿಸಿ ಇಲ್ಲ ಎಂದ. ಆಮೇಲೆ ಚಿಕ್ಕಳಿಯನ ಕಡೆ ತಿರುಗಿ, ದೋಣಿಯ ವಿಷಯ ಏನು ಹೇಳುತ್ತೀಯಪ್ಪ ಎಂದು ಕೇಳಿದರು.

"ಭಾವನಿಗೇ ಇರಲಿ ಮಾವ," ಎಂದ ಚಿಕ್ಕಳಿಯ. "ಆ ಸಂದಿಯಲ್ಲಿ ದೋಣಿ ನುಗ್ಗಿಸೋ ಗುಂಡಿಗೆ ನನಗಿಲ್ಲ."

ಹೀಗೆ ದೊಡ್ಡ ದೋಣಿ ದೊಡ್ಡಳಿಯನ ಕೈಗೆ ಬಂತು. ಕುಣಿಯಬೇಕಾಗಿತ್ತು. ಆದರೆ ಅವನು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ. ಬೇಕಾದ್ದು ಸಿಕ್ಕಿತು, ಅದೂ ಚಿಕ್ಕಳಿಯ ಬಿಟ್ಟುಕೊಟ್ಟಿದ್ದರಿಂದ ಸಿಕ್ಕಿತು. ಒಳ್ಳೆಯವನಾಗುವುದರಲ್ಲೂ ಈ ಮನುಷ್ಯ ತನಗಿಂತ ಒಂದು ಹೆಜ್ಜೆ ಮುಂದೆ ನಿಂತನಲ್ಲ!

ಬೆಳಿಗ್ಗೆ ದೊಡ್ಡ ದೋಣಿ ಹತ್ತಿ ನೋಡಿದರೆ, ಚುಕ್ಕಾಣಿಯ ಪಕ್ಕ ಹೊಸ ರೇಡಿಯೋ ಕೂತಿತ್ತು. ಎರಡೇ ತಿರುಪು, ದಪ್ಪ ಅಂಕಿ. ಮೈಕು ಅಚ್ಚುಕಟ್ಟಾಗಿ ಕೊಕ್ಕೆಯಲ್ಲಿತ್ತು. ಕೆಂಪು ದೀಪದ ಪಕ್ಕದಲ್ಲಿ ಚೀಟಿ ಅಂಟಿಸಿತ್ತು, ಚಿಕ್ಕಳಿಯನದೇ ಕೈಬರಹ: "ಭಾವ, ಇದು ಉರಿದರೆ ಊರೆಲ್ಲ ಕೇಳುತ್ತೆ."

ಬಂದರು ದಾಟಿದ ಮೇಲೆ ಮೈಕು ತೆಗೆದು ಗುಂಡಿ ಒತ್ತಿದ. ಮಾವ, ಗಾಳಿ ಚೆನ್ನಾಗಿದೆ, ಮಾತ್ರೆ ತಗೊಳ್ಳಿ ಎಂದ. ರೇಡಿಯೋ ಸ್ಪಷ್ಟವಾಗಿದೆ, ನಿನ್ನಿಂದ ಉಪಕಾರವಾಯಿತು ಎಂದು ಚಿಕ್ಕಳಿಯನಿಗೂ ಹೇಳಿದ. ಗುಂಡಿ ಬಿಟ್ಟ. ಮೈಕನ್ನು ಕೊಕ್ಕೆಗೆ ಸಿಕ್ಕಿಸಿದ. ಕೆಂಪು ದೀಪ ಆರಿದೆಯೇ ಎಂದು ಬಗ್ಗಿ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು ಚಿಕ್ಕಳಿಯನನ್ನು ಬಾಯ್ತುಂಬ ಬೈದ.