ಐವತ್ತೆರಡರವರೆಗೆ ಎಣಿಸಿದ್ದು

ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬರುವವಳ ಸುದ್ದಿಯನ್ನು ನನಗೆ ಮೊದಲು ಹೇಳಿದ್ದು ಎದುರುಮನೆಯ ದರ್ಜಿ. "ವೆಬ್‌ಸೈಟು ಯಾಕೆ ನಿಧಾನ ಅಂತ ಕಂಡುಹಿಡಿಯೋ ಕೆಲಸವಂತೆ ಅಕ್ಕ. ನಾಡಿ ನೋಡಿದ ಹಾಗೆ," ಎಂದ.

"ನಿನ್ನ ಹೊಲಿಗೆ ಯಾಕೆ ನಿಧಾನ ಅಂತಲೂ ನೋಡ್ತಾಳಾ, ಕೇಳು," ಎಂದೆ. ನನ್ನ ಕಿಟಕಿಯ ಪರದೆ ಎರಡು ತಿಂಗಳಿಂದ ಅವನ ಹತ್ತಿರವೇ ಇತ್ತು.

ಬಂದವಳಿಗೆ ನಲವತ್ತರ ಆಸುಪಾಸು. ಒಂಟಿ ಜೀವ. ಎರಡು ಪೆಟ್ಟಿಗೆ, ಒಂದು ಕಂಪ್ಯೂಟರು, ಜೊತೆಗೊಂದು ಒಣಕೆಮ್ಮು. ದೊಡ್ಡಾಸ್ಪತ್ರೆಯ ಕಚೇರಿಯಲ್ಲಿ ಕೆಲಸ.

ಆ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಾಣಲು ಫೋನಿನಲ್ಲೇ ಸರದಿ ಹಿಡಿಯಬೇಕು. ಬೆಳಿಗ್ಗೆ ಏಳಕ್ಕೆ ಪಟ್ಟಿ ತೆರೆಯುತ್ತದೆ. ನನ್ನ ಹಳೇ ಫೋನಿನಲ್ಲಿ ಪುಟ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನನ್ನ ಒಂದು ಕಣ್ಣು ಮಂಜಾಗಿ ವರ್ಷವಾಗಿತ್ತು.

"ನನ್ನ ಫೋನಲ್ಲಿ ಹಿಡಿದುಕೊಡ್ತೀನಿ ಅಜ್ಜಿ," ಎಂದಳು.

"ನನಗೇನೋ ಕೊಡ್ತೀಯ. ಈ ಬೀದಿಯ ಮಿಕ್ಕ ಮುದುಕಿಯರಿಗೆ? ಬಂದರೆ ನನ್ನ ಫೋನಲ್ಲೇ ಬರಲಿ, ಬಿಡು."

ಹಟಮಾರಿ ಎಂದು ಬೈದು, ನನ್ನ ಫೋನಿನ ನೆನಪನ್ನೆಲ್ಲ ಒರೆಸಿದಳು. "ಕಚೇರಿಯ ಕಂಪ್ಯೂಟರಿಗೆ ಪುಟ ಮೊದಲೇ ನೆನಪಿರುತ್ತೆ, ಅದಕ್ಕೇ ಅಲ್ಲಿ ಬೇಗ ಬರುತ್ತೆ. ಇದಕ್ಕೆ ನಿನ್ನೆಯದು ನೆನಪಿರಬಾರದು."

"ಪುಣ್ಯವಂತ ಫೋನು," ಎಂದೆ. ನಮ್ಮವರು ಹೋಗಿ ಆಗ ಮೂರು ವರ್ಷ.

ಅವಳು ಪುಟ ತೆರೆಯಲು ಒತ್ತಿದಳು. "ಎಣಿಸಿ," ಎಂದಳು. ಪುಟ ಬರುವಾಗ ಐವತ್ತೆರಡಾಯಿತು.

ತಪ್ಪು ಎರಡೇ ದಿನದಲ್ಲಿ ಸಿಕ್ಕಿತು. ಪುಟದ ತಲೆಯಲ್ಲಿ ಆಸ್ಪತ್ರೆಯ ಯಜಮಾನರ ತೀರಿಹೋದ ತಾಯಿಯ ಫೋಟೊ. ಗೋಡೆಯಷ್ಟು ದೊಡ್ಡದನ್ನು ಹಾಗೇ ಏರಿಸಿದ್ದರು. ಅದು ಪೂರ್ತಿ ಬರುವವರೆಗೆ ಸರದಿಯ ಪಟ್ಟಿ ಹಿಂದೆ ಕಾಯುತ್ತಿತ್ತು. ಕುಗ್ಗಿಸಿದರೆ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಆದರೆ ಯಜಮಾನರು, "ನನ್ನ ತಾಯಿಯನ್ನ ಚಿಕ್ಕವರು ಮಾಡ್ತೀರಾ?" ಎಂದರಂತೆ. ಕಚೇರಿಯಲ್ಲಿ ಮತ್ತೆ ಯಾರೂ ತುಟಿ ಬಿಚ್ಚಲಿಲ್ಲ.

ಇವಳೊಬ್ಬಳು ಐದು ತಿಂಗಳು ಅದರ ಬೆನ್ನು ಬಿಡಲಿಲ್ಲ. ಕೆಮ್ಮು ಹೆಚ್ಚಿತು. "ನೀನೂ ಒಂದು ಸರದಿ ಹಿಡಿಯೇ ತಾಯಿ," ಎಂದರೆ, "ಆಗಲಿ ಅಜ್ಜಿ, ಇದೊಂದು ಮುಗೀಲಿ," ಎನ್ನುವಳು. ದೀಪದ ಬುಡದಲ್ಲೇ ಕತ್ತಲೆ. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಅದೇ ಆಸ್ಪತ್ರೆಗೆ ತೋರಿಸಲು ಹೋದಳು. ಶ್ವಾಸಕೋಶದಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೇಳಿ, ಅಲ್ಲೇ ಮಲಗಿಸಿಕೊಂಡರು.

ಯಜಮಾನರು ದಿನಾ ಬೆಳಿಗ್ಗೆ ವಾರ್ಡು ಸುತ್ತುತ್ತಿದ್ದರು. ಒಂದು ದಿನ ಅವಳು ನನ್ನಿಂದಲೇ ನನ್ನ ಹಳೇ ಫೋನಿನ ನೆನಪು ಒರೆಸಿಸಿ, ಅದನ್ನು ಅವರ ಕೈಗೆ ಕೊಟ್ಟಳು. ಏಳು ಗಂಟೆ. ಮೊದಲು ತಾಯಿಯ ಹಣೆ ಇಳಿಯಿತು, ಆಮೇಲೆ ಹುಬ್ಬು, ಬಹಳ ಹೊತ್ತಿಗೆ ಕಣ್ಣು. ಗಲ್ಲ ಬಂದು ಮುಗಿಯುವಾಗ ಪಟ್ಟಿ ಖಾಲಿ. ಅವರು ನಿಂತೇ ಇದ್ದರು.

"ನಮ್ಮಮ್ಮನ್ನ ಜನ ಹೀಗೆ ನೋಡ್ತಾರಾ?" ಎಂದಷ್ಟೇ ಕೇಳಿ, ಫೋನು ಕೊಟ್ಟು ಹೋದರು.

ಅದಾದ ನಾಲ್ಕನೆಯ ದಿನ ಅವಳಿಗೆ ಉಸಿರೇ ಭಾರವಾಗಿತ್ತು. ಕಣ್ಣಿನಲ್ಲೇ ಫೋನು ತೋರಿಸಿದಳು. ಅದರ ನೆನಪು ಒರೆಸಿದೆ. ಏಳಾಯಿತು. ಅವಳಿಗೆ ಕೇಳುವಂತೆ ಜೋರಾಗಿ ಎಣಿಸಿದೆ. ನಾಲ್ಕು ಎನ್ನುವಾಗ ಆ ತಾಯಿಯ ಮುಖ ಇಡಿಯಾಗಿ ಬಂತು, ಕೆಳಗೆ ಪಟ್ಟಿಯೂ. ನಾನು ಫೋನು ಬಿಟ್ಟು ಅವಳ ಕಡೆ ತಿರುಗಿದೆ.

"ನನ್ನ ನೋಡ್ಬೇಡಿ ಅಜ್ಜಿ, ಪಟ್ಟಿ ಮುಗಿದುಹೋಗುತ್ತೆ," ಎಂದಳು. "ನಿಮ್ಮ ಕಣ್ಣಿನ ಸರದಿ ಒತ್ತಿ. ನಾನಿರೋವಾಗ್ಲೇ ಒತ್ತಿ."